ಮೇಲೆ ನ್ಯಾಯಸ್ಥಾನ, ಕೆಳಗೆ ಮಾರುಕಟ್ಟೆ

ಇಟಲಿಗೆ ಹೋದವರು ರೋಮಿನ ಹಳೆಯ ಕಟ್ಟಡಗಳನ್ನೂ ವೆನಿಸಿನ ಕಾಲುವೆಗಳನ್ನೂ ನೋಡಿ ಬರುವುದು ವಾಡಿಕೆ. ವೆನಿಸಿನಿಂದ ರೈಲಿನಲ್ಲಿ ಅರ್ಧ ಗಂಟೆಯಷ್ಟು ದೂರವಿರುವ ಪಾದುವಾ ಪಟ್ಟಣಕ್ಕೆ ಹೋಗುವವರಲ್ಲಿ ಸಂತ ಅಂತೋನಿಯವರ ಭಕ್ತರು ಬಹಳ ಮಂದಿ. ನಾವೂ ಆ ಸಂತರ ಬಸಿಲಿಕವನ್ನು ನೋಡಿದೆವು. ಆದರೆ ನಮ್ಮ ಓದುಗರಿಗೆ ಹೇಳಲೇಬೇಕೆನಿಸಿದ್ದು ಅಲ್ಲಿಯ ಮಾರುಕಟ್ಟೆಯ ವಿಚಾರ.

ಪಟ್ಟಣದ ನಡುವೆ ಎರಡು ಚೌಕಗಳಿವೆ. ಒಂದು ಸೊಪ್ಪು ತರಕಾರಿಯದು, ಇನ್ನೊಂದು ಹಣ್ಣಿನದು. ಎರಡರ ಮಧ್ಯೆ ನಿಂತಿದೆ 'ಪಲಾತ್ಸೊ ದೆಲ್ಲಾ ರಜೋನೆ', ಅಂದರೆ ನ್ಯಾಯದ ಅರಮನೆ. 1218ರ ಸುಮಾರಿಗೆ ಕಟ್ಟಿದ್ದು. ಮಹಡಿಯ ಮೇಲೆ ಪಟ್ಟಣದ ನ್ಯಾಯಸ್ಥಾನ. ಕೆಳಗೆ ಕಮಾನುಗಳ ಅಡಿಯಲ್ಲಿ ಅಂಗಡಿಗಳು. ನ್ಯಾಯಸ್ಥಾನ ಎಂದೋ ಹೋಯಿತು. ಅಂಗಡಿಗಳು ಮಾತ್ರ ಎಂಟು ಶತಮಾನಗಳಿಂದ ಅಲ್ಲೇ ಇವೆ. ಊರಿನವರು ಮೇಲಿನ ಸಭಾಂಗಣವನ್ನು 'ಸಲೋನೆ' ಎನ್ನುತ್ತಾರೆ. ಪೇಟೆಗೆ 'ಸಲೋನೆಯ ಕೆಳಗೆ' ಎಂದೇ ಹೆಸರು.

ಮೇಲಿನ ಸಭಾಂಗಣ ಸುಮಾರು 80 ಮೀಟರು ಉದ್ದ, 27 ಮೀಟರು ಅಗಲ. ನಡುವೆ ಒಂದೇ ಒಂದು ಕಂಬವಿಲ್ಲ! ಮಗುಚಿಟ್ಟ ಹಡಗಿನಂತಿರುವ ಮರದ ಮಾಡನ್ನು 1306ರಲ್ಲಿ ಜೊವಾನ್ನಿ ಎಂಬ ಸನ್ಯಾಸಿ ರೂಪಿಸಿದನು. 1420ರಲ್ಲಿ ಬೆಂಕಿ ಬಿದ್ದು ಒಳಗಿನ ಚಿತ್ರಗಳು ಸುಟ್ಟುಹೋದವು. 1756ರಲ್ಲಿ ಸುಂಟರಗಾಳಿ ಮಾಡನ್ನೇ ಕಿತ್ತೊಗೆಯಿತು. ಎರಡು ಸಲವೂ ಊರಿನವರು ಮತ್ತೆ ಕಟ್ಟಿಸಿದರು. ಗೋಡೆಗಳ ಮೇಲೆ ತಿಂಗಳುಗಳು, ರಾಶಿಗಳು, ಗ್ರಹಗಳ ಸಾಲು ಸಾಲು ಚಿತ್ರಗಳಿವೆ. 2021ರಲ್ಲಿ ಯುನೆಸ್ಕೊ ಪಾದುವಾದ ಭಿತ್ತಿಚಿತ್ರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ಕಟ್ಟಡವೂ ಅದರಲ್ಲಿ ಸೇರಿತು.

ಸಭಾಂಗಣದಲ್ಲಿ ಒಂದು ಕರಿಕಲ್ಲಿನ ಪೀಠವಿದೆ. ಅದರ ಹೆಸರು ಅವಮಾನದ ಕಲ್ಲು. ಹಿಂದೆ ಸಾಲ ತೀರಿಸಲಾರದವನನ್ನು ಸೆರೆಯಲ್ಲಿಡುತ್ತಿದ್ದರು. 1231ರಲ್ಲಿ ಸಂತ ಅಂತೋನಿಯವರು ಕೇಳಿಕೊಂಡ ಮೇಲೆ ಪಟ್ಟಣದ ಸಭೆ ಕಾನೂನನ್ನು ಸಡಿಲಿಸಿತು. ಸಾಲಗಾರನು ಬಟ್ಟೆ ಕಳಚಿ, ಒಳ ಅಂಗಿಯಲ್ಲಿ ಜನರೆದುರು ಈ ಕಲ್ಲಿನ ಮೇಲೆ ಮೂರು ಸಲ ಕುಳಿತು, ಆಸ್ತಿಯೆಲ್ಲ ಬಿಟ್ಟುಕೊಟ್ಟೆ ಎಂದು ಹೇಳಿ ಊರು ಬಿಡಬೇಕು. ಮರ್ಯಾದೆ ಹೋಗುತ್ತಿತ್ತು, ನಿಜ. ಆದರೆ ಮನುಷ್ಯ ಸೆರೆಮನೆಯಲ್ಲಿ ಕೊಳೆಯುವುದು ತಪ್ಪಿತು.

ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಕೆಳಗಿನ ಒಂದು ಮೂಲೆ. 'ಹಗ್ಗದ ಕಮಾನು' ಎಂದು ಅದರ ಹೆಸರು. ಮೋಸ ಮಾಡಿದ ವರ್ತಕರಿಗೆ ಅಲ್ಲಿ ಹಗ್ಗದಿಂದ ಶಿಕ್ಷೆ ಕೊಡುತ್ತಿದ್ದರಂತೆ. ಅಲ್ಲಿಯ ಬಿಳಿಗಲ್ಲುಗಳಲ್ಲಿ ಧಾನ್ಯದ ಅಳತೆ, ಬಟ್ಟೆಯ ಮೊಳ, ಇಟ್ಟಿಗೆ, ಹಂಚು, ಇವುಗಳ ಪ್ರಮಾಣವನ್ನು ಕೆತ್ತಿಟ್ಟಿದ್ದಾರೆ. ಓದು ಬಾರದ ರೈತನೂ ತಾನು ಕೊಂಡದ್ದನ್ನು ಕಲ್ಲಿಗೆ ಹಿಡಿದು ನೋಡಬಹುದಿತ್ತು. ಮುಡಿ, ಕಳಸೆ, ಸೇರುಗಳ ಕಾಲದಲ್ಲಿ ಗೇಣಿ ಅಳೆಯುವಾಗ ನಮ್ಮ ಕಡೆ ನಡೆದ ತಕರಾರುಗಳನ್ನು ಹಿರಿಯರಿಂದ ಕೇಳಿದವರಿಗೆ, ಅಳತೆ ಎಲ್ಲರ ಕಣ್ಣೆದುರು ಕಲ್ಲಿನಲ್ಲಿರುವುದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ಈ ಮೂಲೆಗೆ ಇನ್ನೊಂದು ಹೆಸರೂ ಉಂಟು: 'ಕಾಂತೊನ್ ದೆಲ್ಲೆ ಬುಸೀಯೆ', ಸುಳ್ಳುಗಳ ಮೂಲೆ! ಚೌಕಾಸಿ ನಡೆಯುವಲ್ಲಿ ಸುಳ್ಳಿಗೆ ಬರವೇ? ಗಮನಿಸಬೇಕಾದ ಸಂಗತಿಯೆಂದರೆ, ಸುಳ್ಳಿಗೆ ಶಾಲೆಯ ಇಟಾಲಿಯನ್ ಭಾಷೆಯಲ್ಲಿ 'ಬುಜೀಯೆ' ಎನ್ನುತ್ತಾರೆ. 'ಬುಸೀಯೆ' ಎಂಬುದು ಆ ಸೀಮೆಯ ವೆನೆತೊ ನುಡಿ. ಸರಕಾರದ ಕಾಗದಗಳಲ್ಲಿ ಇಲ್ಲದ ನುಡಿ ಪೇಟೆಯ ಮೂಲೆಯ ಹೆಸರಿನಲ್ಲಿ ಉಳಿದಿದೆ. ಹಣ್ಣಿನ ಚೌಕದಲ್ಲಿ ಬೇಯಿಸಿ ಮಾರುವ ಸಣ್ಣ ಅಷ್ಟಪದಿಗೂ ಅವರು ತಮ್ಮ ನುಡಿಯಲ್ಲಿ 'ಫೊಲ್ಪಿ' ಎಂದೇ ಹೇಳುತ್ತಾರೆ. ಮನೆಮಾತು ಒಂದು, ಕಚೇರಿಯ ಮಾತು ಇನ್ನೊಂದು ಆಗಿರುವ ನಮಗೆ ಇದು ಹೊಸತಲ್ಲ.

ಒಳಗೆ ಉದ್ದಕ್ಕೂ ಸಣ್ಣ ಸಣ್ಣ ಅಂಗಡಿಗಳು. ಚಕ್ರದಷ್ಟು ದೊಡ್ಡ ಗಿಣ್ಣಿನ ಗಟ್ಟಿಗಳು, ಮಾಂಸ, ಒಣಗಿಸಿದ ಕಾಡ್ ಮೀನು, ಬ್ರೆಡ್ಡು, ಆಲಿವ್ ಕಾಯಿ. ಆ ಊರಿನವರು ಕುದುರೆ ಮಾಂಸವನ್ನೂ ತಿನ್ನುತ್ತಾರೆ. ಸಸ್ಯಾಹಾರಿಗಳು ಹೊರಗಿನ ಚೌಕಗಳಿಗೆ ಹೋಗುವುದು ವಾಸಿ. ಅಲ್ಲಿ ಚಳಿಗಾಲದಲ್ಲಿ ಬರುವ ರದಿಕ್ಕಿಯೊ ಎಂಬ ಕೆಂಪು, ಕಹಿ ಸೊಪ್ಪು ನೋಡಲೂ ಚೆಂದ.

ಒಳ್ಳೆಮೆಣಸು ನಮ್ಮ ತೋಟಗಳಿಗೂ ಆ ಸೀಮೆಗೂ ಇರುವ ಹಳೆಯ ಸಂಬಂಧ. 1405ರಲ್ಲಿ ಪಾದುವಾ ವೆನಿಸಿನ ವಶವಾಯಿತು. ಆಗ ಮಲಬಾರಿನ ಮೆಣಸು ಅರಬರ ಹಡಗುಗಳಲ್ಲಿ ಕೆಂಪು ಸಮುದ್ರಕ್ಕೆ, ಅಲ್ಲಿಂದ ಅಲೆಕ್ಸಾಂಡ್ರಿಯಕ್ಕೆ, ಕೊನೆಗೆ ವೆನಿಸಿಗೆ ತಲುಪುತ್ತಿತ್ತು. 1498ರಲ್ಲಿ ವಾಸ್ಕೊ ಡ ಗಾಮಾ ಕೋಝಿಕ್ಕೋಡಿಗೆ ಬಂದದ್ದು ಆ ವ್ಯಾಪಾರದಲ್ಲಿ ಪಾಲು ಕಸಿಯಲೆಂದೇ.

ಹಾಗೆಂದು ಈ ಪೇಟೆಗೆ ಚಿಂತೆಯಿಲ್ಲದಿಲ್ಲ. ಸೂಪರ್ ಮಾರ್ಕೆಟುಗಳು ಬಂದಿವೆ. ಸಂಜೆಯಾದರೆ ಚೌಕಗಳಲ್ಲಿ ತರಕಾರಿಗಿಂತ ಪಾನೀಯದ ಮೇಜುಗಳೇ ಹೆಚ್ಚು. ಬೇಲೆಯನ್ನೇ ನಂಬಿದ ಅಂಗಡಿಯವನಿಗೆ ಪಟ ತೆಗೆದು ಹೋಗುವ ಪ್ರವಾಸಿಯಿಂದ ಹೊಟ್ಟೆ ತುಂಬದು. ದಿನವೂ ಚೀಲ ಹಿಡಿದು ಬರುವ ಊರಿನ ಗಿರಾಕಿಯೇ ಅವನಿಗೆ ಆಧಾರ. ಬಿದ್ದ ಮಾಡನ್ನು ಎರಡು ಸಲ ಎತ್ತಿದವರು ಊರಿನವರೇ. ಪೇಟೆಯನ್ನು ಉಳಿಸಬೇಕಾದವರೂ ಅವರೇ.

ಹೋಗುವವರು ಬೆಳಗ್ಗೆಯೇ ಹೋಗಬೇಕು. ಭಾನುವಾರ ಬೇಡ.