ಸೆಬಿ ತನಿಖಾ ವರದಿ ಆರೋಪಿ ಕೈಗೆ ಸಿಗಬೇಕಾ?

ಷೇರು ವಂಚನೆ ಆರೋಪದಲ್ಲಿ ಸೆಬಿ ನಿಮಗೆ ಶೋಕಾಸ್ ನೋಟಿಸ್ ಕಳಿಸ್ತು ಅಂದ್ಕೊಳ್ಳಿ. ತನಿಖಾ ವರದಿ ಕೇಳಿದ್ರೆ, ಅದು ನಮ್ಮ ಆಂತರಿಕ ದಾಖಲೆ, ಕೊಡಲ್ಲ ಅನ್ನುತ್ತೆ. ಹಾಗಾದ್ರೆ ಉತ್ತರ ಬರೆಯೋದು ಹೇಗೆ?

ರಿಕೋ ಇಂಡಿಯಾದ ಮುಖ್ಯಸ್ಥರಾಗಿದ್ದ ಟಿ. ಟಕಾನೊ ಇದೇ ಪ್ರಶ್ನೆ ಹಿಡಿದು ಸುಪ್ರೀಂ ಕೋರ್ಟ್‌ಗೆ ಹೋದರು. 2022ರ ಫೆಬ್ರವರಿಯಲ್ಲಿ ತೀರ್ಪು ಬಂತು: ಪ್ರಕರಣಕ್ಕೆ ಸಂಬಂಧಪಟ್ಟ ದಾಖಲೆಯನ್ನು ಸೆಬಿ ಕೊಡಲೇಬೇಕು. ‘ನಾವು ಅದನ್ನ ಆಧರಿಸಿಲ್ಲ’ ಅಂತ ಬಾಯಿಮಾತಲ್ಲಿ ಹೇಳಿದ್ರೆ ಸಾಲದು.

ಹಾಗಂತ ಇಡೀ ಕಡತ ಸಿಗಲ್ಲ. ಮೂರನೆಯವರ ಮಾಹಿತಿ, ಮಾರುಕಟ್ಟೆ ಸ್ಥಿರತೆಗೆ ಧಕ್ಕೆ ತರೋ ಭಾಗಗಳನ್ನು ತಡೆಹಿಡಿಯಬಹುದು. ಆದರೆ ಮೂರನೆಯವರಿಗೆ ತೊಂದರೆ ಅಂತ ಮೇಲ್ನೋಟಕ್ಕಾದರೂ ಸೆಬಿಯೇ ಮೊದಲು ತೋರಿಸಬೇಕು. ಆಮೇಲೆ, ನನ್ನ ವಾದಕ್ಕೆ ಅದು ಬೇಕೇ ಬೇಕು ಅಂತ ಸಾಬೀತು ಮಾಡೋ ಹೊಣೆ ನೋಟಿಸ್ ಪಡೆದವರದ್ದು. ಕಣ್ಣಿಗೇ ಬೀಳದ ಕಾಗದದ ಬಗ್ಗೆ ವಾದಿಸೋದು ಸುಲಭ ಅಲ್ಲ ಬಿಡಿ.