ಹತ್ತು ಸಾವಿರ ಸಾಕ್ಷಿಗಳು

1954ನೆಯ ಇಸವಿ ಅಕ್ಟೋಬರ್ 27ನೆಯ ತಾರೀಖು. ಇಟಲಿ ದೇಶದ ಫ್ಲಾರೆನ್ಸ್ ನಗರದ ಕ್ರೀಡಾಂಗಣದಲ್ಲಿ ಅಂದು ಮಧ್ಯಾಹ್ನ ಕಾಲ್ಚೆಂಡಾಟ ನಡೆಯುತ್ತಿತ್ತು. ಫಿಯೊರೆಂಟೀನಾ ಸಂಘದ ಮೀಸಲು ತಂಡಕ್ಕೂ ನೆರೆಯೂರಿನ ಪಿಸ್ತೊಯೇಸೆ ತಂಡಕ್ಕೂ ಪಂದ್ಯ. ಸುಮಾರು ಹತ್ತು ಸಾವಿರ ಮಂದಿ ಪ್ರೇಕ್ಷಕರು ನೆರೆದಿದ್ದರು. ವಿರಾಮ ಕಳೆದು ಆಟ ಮತ್ತೆ ಮೊದಲಾಗಿ ಸ್ವಲ್ಪ ಹೊತ್ತಾಗಿತ್ತು. ಇದ್ದಕ್ಕಿದ್ದಂತೆ ಮೈದಾನವೆಲ್ಲ ನಿಶ್ಶಬ್ದವಾಯಿತು, ಮರುಕ್ಷಣವೇ ಕೋಲಾಹಲವೆದ್ದಿತು. ಚೆಂಡು ಯಾರಿಗೂ ಬೇಡವಾಯಿತು; ಎಲ್ಲರ ಬೆರಳುಗಳೂ ಆಕಾಶದತ್ತ ಚಾಚಿದ್ದವು. ಆಟಗಾರರೂ ನಿಂತಲ್ಲಿಯೇ ನಿಂತು ತಲೆಯೆತ್ತಿ ನೋಡತೊಡಗಿದರು. ಪಂದ್ಯವೇ ನಿಂತುಹೋಯಿತು.

ಅವರು ಕಂಡುದೇನು? ಅದೇ ವರ್ಷ ವಿಶ್ವಕಪ್ ಪಂದ್ಯಗಳಲ್ಲಿ ಇಟಲಿಯ ಪರವಾಗಿ ಆಡಿದ್ದ ಆರ್ದಿಕೋ ಮಾಗ್ನೀನಿಯವರು ಅಂದು ಮೈದಾನದಲ್ಲಿದ್ದರು. ಅರುವತ್ತು ವರ್ಷಗಳ ತರುವಾಯ ಅವರು ನೆನೆಸಿಕೊಂಡಂತೆ, ಮೊಟ್ಟೆಯ ಆಕಾರದ ವಸ್ತುವೊಂದು ಬಹು ಮೆಲ್ಲಗೆ ಸಾಗುತ್ತಿತ್ತು. ಬೆಳ್ಳಿಯಂತೆ ಮಿನುಗುವ ಪದಾರ್ಥವು ಮೇಲಿನಿಂದ ಉದುರುತ್ತಿತ್ತು. ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ಅಭಿಮಾನಿಯೊಬ್ಬರ ನೆನಪು ಬೇರೆ: ಅವು ಕ್ಯೂಬಾದ ಚುಟ್ಟದಂತೆ ಉದ್ದವಾಗಿದ್ದವು, ಅತಿವೇಗದಿಂದ ಬಂದು ಥಟ್ಟನೆ ನಿಂತವು, ಎಲ್ಲವೂ ಒಂದೆರಡು ನಿಮಿಷಗಳಲ್ಲಿ ಮುಗಿದುಹೋಯಿತು. ಒಬ್ಬರಿಗೆ ಮೊಟ್ಟೆ, ಮತ್ತೊಬ್ಬರಿಗೆ ಚುಟ್ಟ; ಒಬ್ಬರಿಗೆ ಮಂದಗತಿ, ಮತ್ತೊಬ್ಬರಿಗೆ ಮಿಂಚಿನ ವೇಗ.

ಆ ಶರತ್ಕಾಲದಲ್ಲಿ ಫ್ರಾನ್ಸ್ ಮತ್ತು ಇಟಲಿ ದೇಶಗಳ ಪತ್ರಿಕೆಗಳು ‘ಹಾರುವ ತಟ್ಟೆ’ಗಳ ಸುದ್ದಿಯಿಂದ ತುಂಬಿದ್ದವು. ಅನ್ಯಗ್ರಹಗಳಿಂದ ಯಾರೋ ಬಂದಿಳಿಯುತ್ತಿರುವರೆಂದು ಅನೇಕರು ನಂಬಿದ್ದರು. ಫ್ಲಾರೆನ್ಸಿನ ಘಟನೆಯೂ ಆ ಪಟ್ಟಿಗೆ ಸೇರಿತು. ಇಂದಿಗೂ ಆ ನಂಬಿಕೆಯುಳ್ಳವರು ಕೇಳುವ ಪ್ರಶ್ನೆ ಒಂದೇ: ಹತ್ತು ಸಾವಿರ ಮಂದಿ ಒಟ್ಟಾಗಿ ಸುಳ್ಳು ಹೇಳುವರೇ?

ಹೇಳುವುದಿಲ್ಲ. ನಾವೂ ಹಾಗೆ ಹೇಳಹೊರಟಿಲ್ಲ. ಅಂದು ಆಕಾಶದಲ್ಲಿ ಏನೋ ಇತ್ತೆಂಬುದು ನಿಜ. ಆದರೆ ಸತ್ಯಸಂಧನಾದ ಸಾಕ್ಷಿಯು ತಾನು ಕಂಡುದನ್ನು ಹೇಳುವುದು ಒಂದು, ಕಂಡುದರಿಂದ ಊಹಿಸಿದುದನ್ನು ಹೇಳುವುದು ಮತ್ತೊಂದು. ಈ ಎರಡರ ನಡುವಣ ಗೆರೆಯನ್ನು ಗುರುತಿಸುವುದೇ ಭೌತಶಾಸ್ತ್ರದ ಮೊದಲನೆಯ ಪಾಠ.

ಕಣ್ಣು ಅಳೆಯುವುದು ಏನನ್ನು?

ಪೂರ್ಣಚಂದ್ರನು ಎಷ್ಟು ದೊಡ್ಡದಾಗಿ ಕಾಣುವನೆಂದು ನಾವು ತರಗತಿಯಲ್ಲಿ ಕೇಳುವುದುಂಟು. ಒಬ್ಬ ವಿದ್ಯಾರ್ಥಿ ಊಟದ ತಟ್ಟೆಯಷ್ಟು ಎನ್ನುತ್ತಾನೆ. ಇನ್ನೊಬ್ಬಳು ರೂಪಾಯಿ ನಾಣ್ಯದಷ್ಟು ಎನ್ನುತ್ತಾಳೆ. ಎಷ್ಟು ದೂರದಲ್ಲಿಟ್ಟ ತಟ್ಟೆ, ಎಷ್ಟು ದೂರದಲ್ಲಿಟ್ಟ ನಾಣ್ಯ ಎಂದು ನಾವು ಮರುಪ್ರಶ್ನೆ ಹಾಕಿದೊಡನೆ ಇಬ್ಬರೂ ಸುಮ್ಮನಾಗುತ್ತಾರೆ. ವಾಸ್ತವವಾಗಿ, ತೋಳು ಚಾಚಿ ಹಿಡಿದ ಒಂದು ಬಟಾಣಿ ಕಾಳು ಚಂದ್ರಬಿಂಬವನ್ನು ಪೂರ್ತಿಯಾಗಿ ಮರೆಮಾಡಬಲ್ಲುದು.

ಇದರ ಅರ್ಥವೇನೆಂದರೆ, ಆಕಾಶದಲ್ಲಿರುವ ಅಪರಿಚಿತ ವಸ್ತುವಿನ ಗಾತ್ರವನ್ನು ಕಣ್ಣು ಅಳೆಯಲಾರದು. ಕಣ್ಣು ಅಳೆಯುವುದು ಕೋನವನ್ನು ಮಾತ್ರ. ಒಂದು ಮೀಟರು ಅಗಲದ ವಸ್ತು 50 ಮೀಟರು ದೂರದಲ್ಲಿದ್ದರೆ ಅದು ನಮ್ಮ ಕಣ್ಣಿನಲ್ಲಿ ಒಂದು ಡಿಗ್ರಿಗಿಂತ ತುಸು ಹೆಚ್ಚಿನ ಕೋನವನ್ನು ಮಾಡುತ್ತದೆ. ಎಂದರೆ ಚಂದ್ರಬಿಂಬದ ಎರಡರಷ್ಟು. ಅದೇ ಕೋನವನ್ನು 5 ಕಿಲೋಮೀಟರು ದೂರದಲ್ಲಿರುವ ವಸ್ತು ಮಾಡಬೇಕಾದರೆ ಅದರ ಅಗಲ 100 ಮೀಟರು ಇರಬೇಕು. ಮೊದಲನೆಯದು ಗಾಳಿಯಲ್ಲಿ ತೇಲುವ ಹತ್ತಿಯ ಹಿಂಜಿನಂತಹ ವಸ್ತುವಾಗಿರಬಹುದು. ಎರಡನೆಯದು ಒಂದು ಮಹಾನೌಕೆ. ಕಣ್ಣಿಗೆ ಇವೆರಡೂ ಒಂದೇ.

ವೇಗದ ವಿಷಯವೂ ಹೀಗೆಯೇ. ಸೆಕೆಂಡಿಗೆ 5 ಮೀಟರು ಬೀಸುವ ಸಾಧಾರಣ ಗಾಳಿಯಲ್ಲಿ ತೇಲುತ್ತಿರುವ ವಸ್ತುವೊಂದು ನಮ್ಮ ತಲೆಯ ಮೇಲೆ 50 ಮೀಟರು ಎತ್ತರದಲ್ಲಿ ಹಾದುಹೋಗುತ್ತಿದೆಯೆನ್ನೋಣ. ಅದು 5 ಕಿಲೋಮೀಟರು ಎತ್ತರದಲ್ಲಿದೆಯೆಂದು ನಾವು ತಪ್ಪಾಗಿ ಭಾವಿಸಿದರೆ, ಅದರ ವೇಗ ಸೆಕೆಂಡಿಗೆ 500 ಮೀಟರು, ಅಂದರೆ ಗಂಟೆಗೆ 1800 ಕಿಲೋಮೀಟರು ಎಂಬ ಲೆಕ್ಕ ಬರುತ್ತದೆ. ಅದು ಶಬ್ದದ ವೇಗವನ್ನೂ ಮೀರಿದುದು! ದೂರವನ್ನು ಊಹಿಸುವಲ್ಲಿ ನೂರುಮಡಿ ತಪ್ಪಿದರೆ ಗಾತ್ರವೂ ವೇಗವೂ ನೂರುಮಡಿ ತಪ್ಪುತ್ತವೆ. ಇನ್ನು, ತೇಲುತ್ತ ನಮ್ಮ ಕಡೆಗೇ ನೇರವಾಗಿ ಬರುವ ವಸ್ತುವಾದರೆ ಅದು ಆಕಾಶದಲ್ಲಿ ನಿಂತಂತೆಯೇ ತೋರುವುದು. ವೇಗವಾಗಿ ಬಂದು ಥಟ್ಟನೆ ನಿಂತಿತೆಂಬ ಮಾತಿಗೆ ಗಾಳಿಯ ದಿಕ್ಕು ತುಸು ತಿರುಗಿದರೆ ಸಾಕು.

ಉದುರಿದ ಬೆಳ್ಳಿಯ ನೂಲು

ಫ್ಲಾರೆನ್ಸಿನಲ್ಲಿ ಅಂದು ನೋಟದ ಜೊತೆಗೆ ವಸ್ತುವೂ ಸಿಕ್ಕಿತು. ನಗರದ ಮೇಲೆ ಜೇಡನ ನೂಲನ್ನು ಹೋಲುವ, ಹತ್ತಿಯಂತೆ ಹಗುರವಾದ ಬಿಳಿಯ ಎಳೆಗಳು ಉದುರಿದವು. ಕೈಯಿಂದ ಮುಟ್ಟಿದರೆ ಅವು ಕರಗಿ ಮಾಯವಾದಂತಾಗುತ್ತಿದ್ದವು. ಇಂತಹ ಎಳೆಗಳಿಗೆ ಪಾಶ್ಚಾತ್ಯರು ‘ದೇವದೂತನ ಕೂದಲು’ ಎಂದು ಹೆಸರಿಟ್ಟಿದ್ದಾರೆ. ಎರಡು ವರ್ಷಗಳ ಹಿಂದೆ, 1952ರ ಅಕ್ಟೋಬರಿನಲ್ಲಿ, ಫ್ರಾನ್ಸಿನ ಒಲೊರಾನ್ ಮತ್ತು ಗಯ್ಯಾಕ್ ಪಟ್ಟಣಗಳಲ್ಲಿಯೂ ಇಂತಹುದೇ ವರದಿಯಾಗಿತ್ತು. ಮೂರೂ ಘಟನೆಗಳು ಅಕ್ಟೋಬರ್ ತಿಂಗಳಿನಲ್ಲಿಯೇ ನಡೆದುವೆಂಬುದನ್ನು ವಾಚಕರು ಗಮನಿಸಬೇಕು.

ಏಕೆಂದರೆ ಯೂರೋಪಿನಲ್ಲಿ ಜೇಡಗಳು ಆಕಾಶಯಾನ ಮಾಡುವ ಮುಖ್ಯ ಋತುಗಳಲ್ಲಿ ಶರತ್ಕಾಲವೂ ಒಂದು. ಮರಿಜೇಡಗಳೂ ಸಣ್ಣ ಜಾತಿಯ ಜೇಡಗಳೂ ಹುಲ್ಲಿನ ತುದಿಗೇರಿ, ಕಾಲ್ಬೆರಳ ಮೇಲೆ ನಿಂತಂತೆ ಮೈಯನ್ನೆತ್ತಿ, ಹೊಟ್ಟೆಯ ತುದಿಯಿಂದ ನೂಲನ್ನು ಗಾಳಿಗೆ ಬಿಡುತ್ತವೆ. ನೂಲು ಅವುಗಳನ್ನು ಎತ್ತಿಕೊಂಡು ಹೋಗುತ್ತದೆ. 1832ರಲ್ಲಿ ಚಾರ್ಲ್ಸ್ ಡಾರ್ವಿನ್ನನು ‘ಬೀಗಲ್’ ಹಡಗಿನಲ್ಲಿದ್ದಾಗ, ದಕ್ಷಿಣ ಅಮೆರಿಕದ ಕರಾವಳಿಯಿಂದ 60 ಮೈಲಿ ದೂರದ ಸಮುದ್ರದಲ್ಲಿ, ಹಡಗಿನ ಹಗ್ಗಗಳ ಮೇಲೆ ಸಾವಿರಾರು ಪುಟ್ಟ ಜೇಡಗಳು ಬಂದಿಳಿದುದನ್ನು ಕಂಡು ಬರೆದಿಟ್ಟಿದ್ದಾನೆ.

ಈ ಯಾನಕ್ಕೆ ಗಾಳಿಯೊಂದೇ ಕಾರಣವಲ್ಲ. ನಿರ್ಮಲವಾದ ದಿನದಲ್ಲಿಯೂ ನೆಲದ ಬಳಿ ಮೀಟರಿಗೆ ಸುಮಾರು 100 ವೋಲ್ಟಿನಷ್ಟು ವಿದ್ಯುತ್ ಕ್ಷೇತ್ರವಿರುತ್ತದೆ. 2018ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಎರಿಕಾ ಮಾರ್ಲೆ ಮತ್ತು ಡೇನಿಯಲ್ ರಾಬರ್ಟ್ ಎಂಬ ವಿಜ್ಞಾನಿಗಳು ಗಾಳಿಯಾಡದ ಪೆಟ್ಟಿಗೆಯೊಳಗೆ ಜೇಡಗಳನ್ನಿಟ್ಟು ಅಂತಹ ಕ್ಷೇತ್ರವನ್ನುಂಟುಮಾಡಿದರು. ಜೇಡಗಳು ನೂಲು ಬಿಟ್ಟು ಮೇಲಕ್ಕೇರಿದವು. ಕ್ಷೇತ್ರವನ್ನು ನಿಲ್ಲಿಸಿದಾಗ ಕೆಳಗಿಳಿದವು.

ಅದೇ ವರ್ಷ ಬರ್ಲಿನ್ನಿನ ಸಂಶೋಧಕರು ಒಂದು ಜಾತಿಯ ಜೇಡದ ಹಾರುನೂಲನ್ನು ಅಳೆದರು. ಎಳೆಯ ಉದ್ದ ಸುಮಾರು 3 ಮೀಟರು. ದಪ್ಪ ಸುಮಾರು 200 ನ್ಯಾನೋಮೀಟರು, ಎಂದರೆ ನಮ್ಮ ತಲೆಗೂದಲಿನ ದಪ್ಪದಲ್ಲಿ ಕೆಲವು ನೂರನೆಯ ಒಂದು ಪಾಲು. ವಿದ್ಯಾರ್ಥಿಗಳು ಇಲ್ಲಿ ಒಂದು ಲೆಕ್ಕವನ್ನು ಮಾಡಿನೋಡಬಹುದು. ಈ 3 ಮೀಟರು ಎಳೆಯನ್ನು ಉಂಡೆಗಟ್ಟಿದರೆ ಆಗುವ ಕಣದ ಅಗಲ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗ ಮಾತ್ರ! ಆಳುದ್ದವನ್ನೂ ಮೀರಿದ ನೂಲು ಬೆರಳ ನಡುವೆ ಹೊಸಕಿದೊಡನೆ ಕಣ್ಣಿಗೆ ಕಾಣದಾಗುವುದರಲ್ಲಿ ಆಶ್ಚರ್ಯವೇನಿದೆ? ಅದು ಕರಗಿದುದಲ್ಲ, ಮುದುಡಿದುದು.

ಇಷ್ಟು ಸಣ್ಣ ಎಳೆ ಆಕಾಶದಲ್ಲಿ ಕಾಣುವುದಾದರೂ ಹೇಗೆ? ನಕ್ಷತ್ರ ಕಾಣುವಂತೆಯೇ. ನಕ್ಷತ್ರದ ಬಿಂಬದ ಅಗಲವನ್ನು ನಮ್ಮ ಕಣ್ಣು ಗುರುತಿಸಲಾರದು. ಅದರ ಬೆಳಕನ್ನು ಗುರುತಿಸುತ್ತದೆ. ಅಕ್ಟೋಬರ್ ಕೊನೆಯಲ್ಲಿ ಫ್ಲಾರೆನ್ಸಿನ ಸೂರ್ಯನು ನಡುಹಗಲಿನಲ್ಲಿಯೂ ದಿಗಂತದಿಂದ ಸುಮಾರು 33 ಡಿಗ್ರಿಗಿಂತ ಮೇಲೇರುವುದಿಲ್ಲ. ಓರೆಯಾಗಿ ಬಿದ್ದ ಆ ಬಿಸಿಲು ಸಾವಿರಾರು ಎಳೆಗಳು ಸಿಕ್ಕುಗಟ್ಟಿದ ಮುದ್ದೆಯ ಮೇಲೆ ಬಿದ್ದಾಗ ಅದು ಬೆಳ್ಳಿಯಂತೆ ಹೊಳೆಯುತ್ತದೆ. ಗಾಳಿಯಲ್ಲಿ ತಿರುಗಿದಂತೆಲ್ಲ ಅದರ ಆಕಾರ ಒಮ್ಮೆ ಮೊಟ್ಟೆ, ಒಮ್ಮೆ ಚುಟ್ಟ. ಅಮೆರಿಕದ ವಾಯುಪಡೆಯ ನಿವೃತ್ತ ವಿಮಾನಚಾಲಕರೂ ಖಗೋಳವೀಕ್ಷಕರೂ ಆದ ಜೇಮ್ಸ್ ಮೆಕ್‌ಗಾಹಾ ಅವರು ಫ್ಲಾರೆನ್ಸಿನ ಘಟನೆಗೆ ಜೇಡಗಳ ವಲಸೆಯೇ ಕಾರಣವೆಂದು ಹೇಳಿದ್ದಾರೆ.

ಪ್ರಯೋಗಶಾಲೆಯ ವರದಿ

ಈ ವಿವರಣೆಗೆ ಒಂದು ಆಕ್ಷೇಪವುಂಟು. ಅದನ್ನು ಮುಚ್ಚಿಡುವುದು ವಿಜ್ಞಾನಕ್ಕೆ ಒಪ್ಪುವುದಿಲ್ಲ. ಫ್ಲಾರೆನ್ಸಿನ ‘ಲಾ ನಾತ್ಸಿಯೋನೆ’ ಪತ್ರಿಕೆಯ ವರದಿಗಾರ ಜಾರ್ಜೋ ಬಾತೀನಿ ಎಂಬವರು ಬಿದ್ದ ಎಳೆಗಳನ್ನು ಸಂಗ್ರಹಿಸಿ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಒಯ್ದರು. ಪ್ರಾಧ್ಯಾಪಕ ಜೊವಾನ್ನಿ ಕಾನ್ನೇರಿಯವರ ಪ್ರಯೋಗಶಾಲೆಯಲ್ಲಿ ಅವುಗಳ ಪರೀಕ್ಷೆ ನಡೆಯಿತು. ಬೋರಾನ್, ಸಿಲಿಕಾನ್, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬ ನಾಲ್ಕು ಮೂಲವಸ್ತುಗಳು ಕಂಡುಬಂದವು. ಜೇಡನ ನೂಲೆಂಬುದು ಸಸಾರಜನಕ; ಅದು ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕಗಳಿಂದಾದುದು. ಹಾಗಾದರೆ ಬಿದ್ದುದು ನೂಲಲ್ಲವೆಂದಾಯಿತಷ್ಟೆ, ಎಂದು ನೌಕಾವಾದಿಗಳ ತರ್ಕ.

ಆದರೆ ವರದಿಯನ್ನು ಪೂರ್ತಿಯಾಗಿ ಓದಬೇಕು. ಅದರ ಪ್ರಕಾರ ಆ ಪದಾರ್ಥವು ಎಳೆಎಳೆಯಾಗಿದ್ದಿತು. ಎಳೆತಕ್ಕೂ ತಿರುಚುವಿಕೆಗೂ ಚೆನ್ನಾಗಿ ತಡೆಯುತ್ತಿತ್ತು. ಕಾಯಿಸಿದಾಗ ಕಂದುಬಣ್ಣಕ್ಕೆ ತಿರುಗಿ ಆವಿಯಾಗಿ, ಕರಗಬಲ್ಲ ಪಾರದರ್ಶಕ ಶೇಷವನ್ನು ಉಳಿಸಿತು. ನಾಲ್ಕು ಮೂಲವಸ್ತುಗಳನ್ನು ರೋಹಿತದರ್ಶಕದಿಂದ ಕಂಡುದು ಆ ಶೇಷದಲ್ಲಿ. ಕಾಯಿಸಿದರೆ ಕಂದಾಗಿ ಆವಿಯಾಗುವುದು ಗಾಜಿನ ಗುಣವಲ್ಲ. ಕೂದಲು, ರೇಷ್ಮೆ, ಉಣ್ಣೆಗಳ ಗುಣ. ನೂಲಿನ ಮುಖ್ಯಭಾಗವು ಹೊಗೆಯಾಗಿ ಹೋದ ಮೇಲೆ ಉಳಿದ ಬೂದಿಯನ್ನು ಪರೀಕ್ಷಿಸಿ ನೂಲಿನ ಸ್ವರೂಪವನ್ನು ಹೇಳುವುದು, ಸುಟ್ಟ ಸೌದೆಯ ಬೂದಿಯನ್ನು ನೋಡಿ ಮರವೆಲ್ಲ ಕ್ಷಾರವೆಂದಂತೆ. ಸಿಲಿಕಾನ್, ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಎಲ್ಲೆಡೆಯ ಮಣ್ಣಿನ ಧೂಳಿನಲ್ಲಿವೆ. ಅಂಟುವ ನೂಲಿಗೆ ಧೂಳು ಹತ್ತದಿರದು. ಬೋರಾನ್ ಮಾತ್ರ ಅಷ್ಟು ಸಾಧಾರಣವಲ್ಲ. ಅದು ಪ್ರಯೋಗಶಾಲೆಯ ಗಾಜಿನ ಪಾತ್ರೆಗಳಲ್ಲಿರುತ್ತದೆ ಎಂಬುದು ನಿಜ. ಆದರೆ ಅಲ್ಲಿಂದಲೇ ಬಂದಿತೆಂದು ನಾವು ಸಾಧಿಸಲಾರೆವು. ಆ ಎಳೆಗಳು ಪರೀಕ್ಷೆಯಲ್ಲಿಯೇ ನಾಶವಾದುದರಿಂದ ಮರುಪರೀಕ್ಷೆಗೆ ಅವಕಾಶವಿಲ್ಲ. ಜೇಡಗಳೇ ಕಾರಣವೆಂಬುದು ಅತ್ಯಂತ ಸಂಭವನೀಯವಾದ ವಿವರಣೆ, ಸಿದ್ಧಪಟ್ಟ ಪ್ರಮೇಯವಲ್ಲ.

ನೆನಪೆಂಬ ಸಾಕ್ಷಿ

ಸಾಕ್ಷಿಗಳ ನೆನಪನ್ನಾದರೂ ನೆಚ್ಚಬಹುದೇ? 1986ರ ಜನವರಿ 28ರಂದು ಅಮೆರಿಕದ ‘ಚಾಲೆಂಜರ್’ ವ್ಯೋಮನೌಕೆ ಆಕಾಶದಲ್ಲಿಯೇ ನಾಶವಾಯಿತು. ಮಾರನೆಯ ಬೆಳಿಗ್ಗೆಯೇ ಉಲ್ರಿಕ್ ನೈಸರ್ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ವಿದ್ಯಾರ್ಥಿಗಳಿಂದ, ಆ ಸುದ್ದಿಯನ್ನು ಎಲ್ಲಿ, ಯಾರಿಂದ, ಹೇಗೆ ಕೇಳಿದಿರೆಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷಗಳ ತರುವಾಯ ಅವರೂ ಅವರ ಸಹೋದ್ಯೋಗಿ ನಿಕೋಲ್ ಹಾರ್ಷ್ ಅವರೂ ಅವರಲ್ಲಿ 44 ಮಂದಿಯನ್ನು ಮತ್ತೆ ಕೇಳಿದರು. ಕಾಲುಪಾಲು ಮಂದಿಯ ಉತ್ತರ ಎಲ್ಲ ಮುಖ್ಯ ವಿಷಯಗಳಲ್ಲಿಯೂ ತಪ್ಪಾಗಿದ್ದಿತು. ಆದರೂ ಅವರಲ್ಲಿ ಹಲವರಿಗೆ ತಮ್ಮ ನೆನಪಿನ ಮೇಲೆ ದೃಢವಾದ ನಂಬಿಕೆ. ತಮ್ಮದೇ ಕೈಬರಹವನ್ನು ತೋರಿಸಿದ ಮೇಲೂ ಹಳೆಯ ನೆನಪು ಮರಳಲಿಲ್ಲ.

ಎರಡೂವರೆ ವರ್ಷಗಳಲ್ಲಿ ಹೀಗಾದರೆ ಅರುವತ್ತು ವರ್ಷಗಳಲ್ಲಿ ಏನಾಗದು? ಮೊಟ್ಟೆಯನ್ನು ಕಂಡವರೂ ಚುಟ್ಟವನ್ನು ಕಂಡವರೂ ಪ್ರಾಮಾಣಿಕರೇ. ಆದರೆ ನೆನಪು ಶಿಲಾಶಾಸನವಲ್ಲ. ಪ್ರತಿಸಲ ಹೇಳುವಾಗಲೂ ನಾವು ಅದನ್ನು ಹೊಸದಾಗಿ ಬರೆಯುತ್ತೇವೆ. ಕೇಳಿದ ಮಾತು, ಓದಿದ ಸುದ್ದಿ, ನೋಡಿದ ಚಿತ್ರ ಎಲ್ಲವೂ ಅದರೊಳಗೆ ಸೇರಿಕೊಳ್ಳುತ್ತವೆ.

ಕೈತಪ್ಪಿದ ಅಳತೆ

ನಮಗೆ ನಿಜವಾಗಿ ವ್ಯಥೆಯಾಗುವುದು ಬೇರೊಂದು ಕಾರಣಕ್ಕಾಗಿ. ಆ ಹತ್ತು ಸಾವಿರ ಮಂದಿಯ ಕೈಯಲ್ಲಿ ಅಂದು ಒಂದು ಅಮೋಘವಾದ ಉಪಕರಣವಿದ್ದಿತು. ಅದನ್ನು ಯಾರೂ ಬಳಸಲಿಲ್ಲ. ಮೈದಾನದ ಉದ್ದ ಸುಮಾರು 100 ಮೀಟರು. ವಸ್ತುವು ಮೈದಾನದ ನಡುವೆ 50 ಮೀಟರು ಎತ್ತರದಲ್ಲಿದ್ದಿದ್ದರೆ, ಒಂದು ಕೊನೆಯಲ್ಲಿ ಕುಳಿತವನಿಗೂ ಇನ್ನೊಂದು ಕೊನೆಯಲ್ಲಿ ಕುಳಿತವನಿಗೂ ಅದು ಕಾಣುವ ದಿಕ್ಕಿನಲ್ಲಿ 90 ಡಿಗ್ರಿಗಳ ಅಂತರವಿರುತ್ತಿತ್ತು. 5 ಕಿಲೋಮೀಟರು ಎತ್ತರದಲ್ಲಿದ್ದಿದ್ದರೆ ಅಂತರ ಕೇವಲ ಒಂದು ಡಿಗ್ರಿಯಷ್ಟು. ಎದುರುಬದುರು ಕುಳಿತ ಇಬ್ಬರು ಅದೇ ಗಳಿಗೆಯಲ್ಲಿ ದಿಕ್ಕನ್ನು ಗುರುತುಹಾಕಿಕೊಂಡಿದ್ದರೆ ಸಾಕಾಗಿತ್ತು. ಅಷ್ಟೇಕೆ, ಆ ಕ್ರೀಡಾಂಗಣದ ಪಕ್ಕದಲ್ಲಿಯೇ ಎತ್ತರವಾದ ಗೋಪುರವೊಂದಿದೆ. ಹೊಳೆಯುವ ವಸ್ತು ಅದರ ಮುಂದೆ ಹಾದಿತೋ ಹಿಂದೆ ಹಾದಿತೋ ಎಂಬ ಒಂದೇ ಒಂದು ಮಾತು ಬರಹದಲ್ಲಿ ಉಳಿದಿದ್ದರೆ, ಈ ವಿವಾದದ ಬಹುಪಾಲು ಅಂದೇ ತೀರುತ್ತಿತ್ತು.

ಇಂದು ಪ್ರತಿಯೊಬ್ಬರ ಕೈಯಲ್ಲಿಯೂ ಮೊಬೈಲ್ ಫೋನಿನ ಕ್ಯಾಮೆರಾ ಇದೆ. ಆದರೆ ಒಂದು ಕ್ಯಾಮೆರಾದ ಮಸೂರವೂ ಕಣ್ಣಿನಂತೆಯೇ; ಅದು ಹಿಡಿಯುವುದು ಕೋನವನ್ನೇ ಹೊರತು ದೂರವನ್ನಲ್ಲ. ಆದುದರಿಂದ ವಾಚಕರು ಎಂದಾದರೂ ಆಕಾಶದಲ್ಲಿ ವಿಚಿತ್ರವಾದ ಬೆಳಕನ್ನು ಕಂಡರೆ, ಚಿತ್ರ ತೆಗೆಯುವುದರ ಜೊತೆಗೆ ಇಷ್ಟನ್ನು ಮಾಡಲಿ. ಗಡಿಯಾರ ನೋಡಿ ಹೊತ್ತನ್ನು ಬರೆದುಕೊಳ್ಳಿ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ. ಇವುಗಳಿಂದ ಎತ್ತರವನ್ನೂ ಅಗಲವನ್ನೂ ಅಳೆಯಿರಿ. ಅದು ಮೋಡದ, ಮರದ, ಕಟ್ಟಡದ ಮುಂದೆ ಹೋಯಿತೋ ಹಿಂದೆ ಹೋಯಿತೋ ನೋಡಿ. ದೂರದಲ್ಲಿರುವ ಗೆಳೆಯನಿಗೆ ಫೋನು ಮಾಡಿ ಅವನಿಗೆ ಯಾವ ದಿಕ್ಕಿನಲ್ಲಿ ಕಾಣುವುದೆಂದು ಕೇಳಿ. ಎಲ್ಲವನ್ನೂ, ಇತರರೊಡನೆ ಚರ್ಚಿಸುವುದಕ್ಕೆ ಮೊದಲೇ, ಕಾಗದದ ಮೇಲೆ ಬರೆದು ತಾರೀಖು ಹಾಕಿ ಸಹಿ ಮಾಡಿ.

ಇಂತಹ ಕಥೆಯನ್ನು ಹೇಳುವ ಹಿರಿಯರು ನಿಮ್ಮ ಮನೆಯಲ್ಲಿಯೂ ಇರಬಹುದು. ಅವರನ್ನು ನಗೆಯಾಡಬೇಡಿ. ನೀವು ಕಂಡುದೇನು, ಎಷ್ಟು ಹೊತ್ತು ಕಂಡಿತು, ಗಾಳಿ ಯಾವ ಕಡೆಗೆ ಬೀಸುತ್ತಿತ್ತು ಎಂದು ವಿನಯದಿಂದ ಕೇಳಿ. ಫ್ಲಾರೆನ್ಸಿನ ಆ ಮಧ್ಯಾಹ್ನ ಹತ್ತು ಸಾವಿರ ಸಾಕ್ಷಿಗಳಿದ್ದರು. ಆ ಹತ್ತು ಸಾವಿರ ಮಂದಿಯಲ್ಲಿ ಪೆನ್ಸಿಲು ಹಿಡಿದ ಇಬ್ಬರು ನಮಗೆ ಬೇಕಾಗಿದ್ದರು.