ಕೈ ಮುಗಿದೇ ಮೇಲೇರಿದವರು

ಇದ್ದುದಕ್ಕೆ ಕೃತಜ್ಞರಾಗಿರಬೇಕೋ, ಇಲ್ಲದ್ದಕ್ಕೆ ಹಂಬಲಿಸಬೇಕೋ? ಧಾರವಾಡ ಸೀಮೆಯ ಮೂವರು ಹಿಂದೂಸ್ತಾನಿ ಹಾಡುಗಾರರ ಬದುಕಿನಲ್ಲಿ ಈ ಪ್ರಶ್ನೆಗೆ ಬೇರೆಯೇ ಉತ್ತರವಿದೆ.

1930ರ ದಶಕದ ನಡುಭಾಗದ ಹೊತ್ತಿಗೆ ಮಲ್ಲಿಕಾರ್ಜುನ ಮನಸೂರರಿಗೆ ಹೆಸರು ಬಂದಾಗಿತ್ತು. ಧಾರವಾಡದ ಪಕ್ಕದ ಮನಸೂರಿನಲ್ಲಿ 1910ರ ಕೊನೆಯ ದಿನ ಹುಟ್ಟಿದ ಹುಡುಗ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ್ದ, ಮಿರಜದ ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ ತಾಲೀಮು ಪಡೆದಿದ್ದ. ಎಚ್‌ಎಂವಿ ಕಂಪನಿಯ ಗ್ರಾಮೊಫೋನ್ ತಟ್ಟೆಗಳು ಅವನ ದನಿಯನ್ನು ಊರೂರಿಗೆ ಒಯ್ದಿದ್ದವು. ಇಷ್ಟು ಸಾಕು ಎಂದು ಕೂತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

ಅವರು ಕೂತದ್ದು ಮುಂಬಯಿಯಲ್ಲಿ, ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಗ ಮಂಜಿ ಖಾನರ ಎದುರು, ಮತ್ತೆ ಶಿಷ್ಯನಾಗಿ. ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸಿದ ಕಂಠವನ್ನು ಇನ್ನೊಂದು ಘರಾಣೆಯ ಲಯಕ್ಕೆ, ವಕ್ರ ಸಂಚಾರಕ್ಕೆ ಹೊಸದಾಗಿ ಬಗ್ಗಿಸುವ ಕೆಲಸ ಅದು. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಮನಸೂರರು ಅವರ ತಮ್ಮ ಬುರ್ಜಿ ಖಾನರಲ್ಲಿ ಕಲಿಕೆ ಮುಂದುವರಿಸಿದರು. ಶುದ್ಧ ನಟ್, ಲಾಜವಂತಿ, ಬಹಾದುರಿ ತೋಡಿಯಂಥ ಅಪರೂಪದ ರಾಗಗಳು ಅವರ ಹೆಸರಿನೊಂದಿಗೇ ನೆನಪಾಗುವಂತಾದದ್ದು ಈ ಎರಡನೇ ಶಿಷ್ಯತ್ವದಿಂದ.

ಹೊಸ ಗುರುವನ್ನು ಹುಡುಕಿ ಹೋಗುವುದು ಹಳೆಯ ಗುರುವಿಗೆ ಬಗೆದ ದ್ರೋಹವಲ್ಲವೇ? ಹಾಗೆ ಕೇಳುವವರು ಆಗಲೂ ಇದ್ದಿರಬೇಕು. ಆದರೆ ನೀಲಕಂಠ ಬುವಾ ಗಟ್ಟಿ ಅಡಿಪಾಯ ಹಾಕಿಕೊಟ್ಟಿದ್ದರಿಂದಲೇ ಜೈಪುರ ಘರಾಣೆಯ ಭಾರ ಹೊರಲು ಆ ಗಂಟಲಿಗೆ ಸಾಧ್ಯವಾಯಿತು. ಮೊದಲ ಗುರು ಕೊಟ್ಟದ್ದನ್ನು ಅಲ್ಲಿಗೇ ನಿಲ್ಲಿಸಿದ್ದರೆ ಅದು ನಿಷ್ಠೆಯಂತೆ ಕಾಣುತ್ತಿತ್ತು, ನಿಜದಲ್ಲಿ ಸೋಮಾರಿತನವಾಗುತ್ತಿತ್ತು.

ತಾಯಿ ನಿಲ್ಲಿಸಿದ ಹಾಡು

ಕೃತಜ್ಞತೆ ಮತ್ತು ಮಹತ್ವಾಕಾಂಕ್ಷೆಯನ್ನು ನಾವು ತಕ್ಕಡಿಯ ಎರಡು ತಟ್ಟೆಗಳಂತೆ ಕಾಣುತ್ತೇವೆ. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕು ಎಂಬ ಲೆಕ್ಕ. ಗಂಗೂಬಾಯಿ ಹಾನಗಲ್ಲರ ಬದುಕಿನ ಮುಂದೆ ಈ ಲೆಕ್ಕ ನಿಲ್ಲುವುದಿಲ್ಲ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳು ಹಿಂದೂಸ್ತಾನಿ ಕಲಿಯತೊಡಗಿದಾಗ, ತಮ್ಮ ಹಾಡಿಕೆಯ ನೆರಳು ಅವಳ ಗಾಯನದ ಮೇಲೆ ಬೀಳಬಾರದೆಂದು ತಾವು ಹಾಡುವುದನ್ನೇ ನಿಲ್ಲಿಸಿದರು. 1932ರಲ್ಲಿ ಅಂಬಾಬಾಯಿ ತೀರಿಹೋದರು. ಮಗಳು ಕಿರಾಣಾ ಘರಾಣೆಯ ಸವಾಯಿ ಗಂಧರ್ವರ ಬಳಿ ಬಿಗಿಯಾದ ತಾಲೀಮಿಗೆ ಕೂತದ್ದು ಆಮೇಲೆ. ಹುಬ್ಬಳ್ಳಿಯಿಂದ ರೈಲು ಹತ್ತಿ ಗುರುವಿದ್ದ ಕುಂದಗೋಳಕ್ಕೆ ಹೋಗುವುದು, ಒಂದೇ ಸ್ವರಗುಚ್ಛವನ್ನು ಗುರು ಒಪ್ಪುವವರೆಗೆ ತಿದ್ದಿ ತಿದ್ದಿ ಹಾಡುವುದು, ಕತ್ತಲಾದ ಮೇಲೆ ಮನೆ ಸೇರುವುದು, ಜೊತೆಗೆ ಸಂಸಾರದ ತಾಪತ್ರಯ. ‘ಗಾನೇವಾಲಿ’ ಎಂಬ ಸಮಾಜದ ಚುಚ್ಚುಮಾತು ಬೇರೆ.

ತಾಯಿಯ ಆ ತ್ಯಾಗಕ್ಕೆ ಧನ್ಯವಾದ ಹೇಳುವುದು ಹೇಗೆ? ಹೇಳಿದರೂ ಕೇಳಲು ತಾಯಿ ಇಲ್ಲ. ಇಂಥ ಋಣವನ್ನು ಕೊಟ್ಟವರಿಗೆ ಮರಳಿಸಲಾಗದು. ಚೆನ್ನಾಗಿ ಹಾಡುವುದೊಂದೇ ಉಳಿದ ದಾರಿ, ನಿನ್ನೆಗಿಂತ ಇವತ್ತು ಇನ್ನೂ ಚೆನ್ನಾಗಿ. ಇಲ್ಲಿ ಮಹತ್ವಾಕಾಂಕ್ಷೆ ಕೃತಜ್ಞತೆಯ ಎದುರಾಳಿಯಲ್ಲ, ಅದು ಋಣ ತೀರಿಸುವ ಬಗೆ. 2002ರಲ್ಲಿ ಪದ್ಮವಿಭೂಷಣ ಬಂದಾಗ ಗಂಗೂಬಾಯಿ ತೊಂಬತ್ತರ ಹತ್ತಿರವಿದ್ದರು.

ಉಪದೇಶವಾದಾಗ

ಒಂದು ಎಚ್ಚರ ಮಾತ್ರ ಬೇಕು. ನಮ್ಮಲ್ಲಿ ಕೃತಜ್ಞತೆಯ ಪಾಠ ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಮುಂದೆ ಓದುತ್ತೇನೆ ಎನ್ನುವ ಮಗಳಿಗೆ ‘ಇಷ್ಟು ಓದಿಸಿದ್ದೇ ಹೆಚ್ಚು’, ಸಂಬಳ ಹೆಚ್ಚಿಸಿ ಎನ್ನುವ ನೌಕರನಿಗೆ ‘ಕೆಲಸ ಇರೋದೇ ಪುಣ್ಯ’. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎನ್ನುವವರು, ಹಾಸಿಗೆಯನ್ನು ಅಷ್ಟೇ ಉದ್ದಕ್ಕೆ ಹೊಲಿದವರು ಯಾರು ಎಂದು ಕೇಳಲು ಬಿಡುವುದಿಲ್ಲ. ಆ ಕಾಲದಲ್ಲಿ ‘ಗಾನೇವಾಲಿ’ ಎನಿಸಿಕೊಂಡ ಹೆಣ್ಣುಮಗಳೊಬ್ಬಳು ಸಿಕ್ಕಿದ್ದರಲ್ಲೇ ತೃಪ್ತಳಾಗಿದ್ದರೆ ನಮಗೆ ಗಂಗೂಬಾಯಿ ಸಿಗುತ್ತಿರಲಿಲ್ಲ. ಬಾಯಿ ಮುಚ್ಚಿಸಲು ಬಳಕೆಯಾಗುವ ಕೃತಜ್ಞತೆ ವಿಧೇಯತೆಯ ಇನ್ನೊಂದು ವೇಷವಷ್ಟೇ.

ಇತ್ತ ಕೃತಜ್ಞತೆಯಿಲ್ಲದ ಮಹತ್ವಾಕಾಂಕ್ಷೆಗೂ ಅದರದೇ ರೋಗವಿದೆ. ಅದಕ್ಕೆ ಎಲ್ಲವೂ ಕೂಡಲೇ ಬೇಕು. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಡಿಸ್ಟೆನೊ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇಲ್ಲಿ ಉಲ್ಲೇಖಾರ್ಹ. ಕೆಲವರಿಗೆ ತಾವು ಯಾರಿಗೋ ಕೃತಜ್ಞರಾಗಿದ್ದ ಸಂದರ್ಭವನ್ನು, ಕೆಲವರಿಗೆ ಸಂತೋಷದ ಗಳಿಗೆಯನ್ನು, ಉಳಿದವರಿಗೆ ಮಾಮೂಲಿ ದಿನವನ್ನು ನೆನೆದು ಬರೆಯಲು ಹೇಳಿದರು. ಆಮೇಲೆ ಈಗಲೇ ಸಿಗುವ ಕಡಿಮೆ ಹಣ ಬೇಕೋ, ಕಾದರೆ ಸಿಗುವ ಹೆಚ್ಚು ಹಣ ಬೇಕೋ ಎಂದು ಕೇಳಿದರು. ಕೃತಜ್ಞತೆ ನೆನೆದವರು ಹೆಚ್ಚು ತಾಳ್ಮೆ ತೋರಿದರು. ಸಂತೋಷ ನೆನೆದವರು ಮಾಮೂಲಿ ದಿನ ನೆನೆದವರಷ್ಟೇ ಆತುರಗಾರರು. ಅಂದರೆ ಕೃತಜ್ಞತೆ ಬಯಕೆಯನ್ನು ಕುಗ್ಗಿಸಲಿಲ್ಲ, ಅದಕ್ಕಾಗಿ ಕಾಯುವ ಶಕ್ತಿ ಕೊಟ್ಟಿತು. ವರ್ಷಗಟ್ಟಲೆ ತಾನಪುರದ ಮುಂದೆ ಕೂರುವವರಿಗೆ ಬೇಕಾದದ್ದು ಇದೇ.

ಕುಂದಗೋಳದಿಂದ ಪುಣೆಗೆ

ಮೂರನೆಯವರಾದ ಭೀಮಸೇನ ಜೋಶಿಯವರ ಹಸಿವು ಇವರಿಬ್ಬರಿಗಿಂತ ಉಗ್ರ. ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟ ಹುಡುಗ ಗ್ವಾಲಿಯರ್, ಜಲಂಧರ್ ಎಂದು ಉತ್ತರವೆಲ್ಲ ಅಲೆದ. ಕೊನೆಗೆ ಸಿಕ್ಕ ಗುರು ತನ್ನ ಸೀಮೆಯ ಕುಂದಗೋಳದಲ್ಲೇ ಇದ್ದ ಸವಾಯಿ ಗಂಧರ್ವ. ಅಲ್ಲಿ ಗುರುಮನೆಗೆ ನೀರು ಹೊತ್ತು ಕಲಿತ. ಆದರೆ ಗುರುವಿನ ಪಡಿಯಚ್ಚಾಗಿ ಉಳಿಯಲಿಲ್ಲ. ಕಿರಾಣಾ ಘರಾಣೆಯ ನಿಧಾನದ ಆಲಾಪಕ್ಕೆ ಬೇರೆ ಕಡೆ ಕೇಳಿ ಮೆಚ್ಚಿದ್ದನ್ನು ಬೆರೆಸಿ, ತನ್ನದೇ ಆದ ಅಬ್ಬರದ ತಾನುಗಳನ್ನು ಸೇರಿಸಿದ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷವೇ ಅವರ ನೆನಪಿಗೆ ಪುಣೆಯಲ್ಲಿ ಸಂಗೀತೋತ್ಸವ ಶುರುವಾಯಿತು. ಅದನ್ನು ದಶಕಗಳ ಕಾಲ ಮುನ್ನಡೆಸಿದವರು ಭೀಮಸೇನರು. ಹೊಸ ಪೀಳಿಗೆಯ ಎಷ್ಟೋ ಕಲಾವಿದರಿಗೆ ಅದೇ ದೊಡ್ಡ ವೇದಿಕೆಯಾಯಿತು. ಹೆಸರಿಲ್ಲದ ಶಿಷ್ಯನಿಂದ ಇಂಥ ಉತ್ಸವ ಕಟ್ಟುವುದು ಆಗುತ್ತಿರಲಿಲ್ಲ. ಗುರುವನ್ನು ಮರೆತ ಶಿಷ್ಯನಿಗೆ ಅದನ್ನು ಕಟ್ಟಬೇಕೆಂದು ಅನ್ನಿಸುತ್ತಲೂ ಇರಲಿಲ್ಲ.

ಹಾಗಾಗಿ, ಮಲಗುವ ಮುನ್ನ ಡೈರಿಯಲ್ಲಿ ಮೂರು ಒಳ್ಳೆಯ ಸಂಗತಿ ಬರೆಯಿರಿ ಎಂಬ ಈಚಿನ ಸಲಹೆಗೆ ಒಂದು ತಿದ್ದುಪಡಿ ಸೂಚಿಸಬಹುದು. ಏನು ಸಿಕ್ಕಿತು ಎಂಬುದರ ಜೊತೆಗೆ ಯಾರಿಂದ ಸಿಕ್ಕಿತು ಎಂದೂ ಬರೆಯಿರಿ. ಲೆಕ್ಕ ಕಲಿಸಿದ ಮೇಷ್ಟ್ರು, ಫೀಸಿಗೆ ಬಳೆ ಅಡವಿಟ್ಟ ಅಮ್ಮ, ಮೊದಲ ಕೆಲಸದಲ್ಲಿ ತಪ್ಪು ತಿದ್ದಿದ ಹಿರಿಯ ಸಹೋದ್ಯೋಗಿ. ಆ ಹೆಸರುಗಳ ಪಕ್ಕದಲ್ಲಿ, ಅವರು ಕೊಟ್ಟದ್ದು ಇವತ್ತು ನಿಮ್ಮ ಕೈಯಲ್ಲಿ ಎಷ್ಟು ಬೆಳೆದಿದೆ ಎಂದು ಬರೆಯಿರಿ. ಬೆಳೆದಿಲ್ಲವಾದರೆ ಥ್ಯಾಂಕ್ಸ್ ಹೇಳಿ ಮುಗಿಸುವಂತಿಲ್ಲ, ನಾಳೆ ಬೇಗ ಎದ್ದು ಕೆಲಸಕ್ಕೆ ಕೂರಬೇಕು.